ಬ್ರಾಂಕ್ಸ್ ನದಿ ದಡದ ಪಾರ್ಕುಗಳು: ಉದ್ಘಾಟನೆಯ ಮರುದಿನ ಯಾರು ಬಂದರು?

ಪಾರ್ಕ್ ಉದ್ಘಾಟನೆ ಎಲ್ಲರಿಗೂ ಇಷ್ಟ. ಟೇಪು ಕತ್ತರಿಸುತ್ತಾರೆ, ಫೋಟೊ ಬರುತ್ತದೆ, ಹೊಸ ಬೆಂಚುಗಳು ಹೊಳೆಯುತ್ತಿರುತ್ತವೆ. ಮೂರು ವರ್ಷ ಬಿಟ್ಟು ಅದೇ ಜಾಗ ಹೇಗಿದೆ ಅಂತ ಕೇಳುವವರು ಮಾತ್ರ ಕಡಿಮೆ. ನದಿ ದಡದ ಪಾರ್ಕಿನ ಕಥೆ ಇನ್ನೂ ಕಷ್ಟ. ಬೇರೆ ಪಾರ್ಕಿಗೆ ಕಸ ಗೇಟಿನಿಂದ ಬರುತ್ತದೆ, ಬೀಗ ಹಾಕಿದರೆ ಅರ್ಧ ನಿಲ್ಲುತ್ತದೆ. ನದಿ ಪಾರ್ಕಿಗೆ ಕಸ ನೀರಿನ ಜೊತೆ ಮೇಲಿನ ಊರುಗಳಿಂದೆಲ್ಲ ಬರುತ್ತದೆ, ಅದಕ್ಕೆ ಯಾವ ಬೀಗವೂ ಇಲ್ಲ. ಇವತ್ತು ಗುಡಿಸಿದ್ದು ಒಂದು ಜೋರು ಮಳೆಗೆ ಮತ್ತೆ ತುಂಬಿಕೊಳ್ಳುತ್ತದೆ.

ನ್ಯೂಯಾರ್ಕ್ ನಗರದ ಬ್ರಾಂಕ್ಸ್ ನದಿಯ ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿರುವುದು ಇದೇ ಕಾರಣಕ್ಕೆ. ಆ ನದಿ ದಡದ ಜನ ಗುಜರಿ ಸಾಮಾನು ತುಂಬಿದ್ದ ಜಾಗಗಳನ್ನು ಪಾರ್ಕ್ ಮಾಡಿಸಿಕೊಂಡರು ಅನ್ನುವುದನ್ನು ತುಂಬಾ ಜನ ಬರೆದಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಪಾರ್ಕ್ ಆದಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಅನ್ನುವುದನ್ನು ಅವರು ಪಾರ್ಕ್ ಆಗುವ ಮೊದಲೇ ತೀರ್ಮಾನ ಮಾಡಿಕೊಂಡರು.

ಒಂದೇ ನದಿ, ಎರಡು ಹಣೆಬರಹ

ಬ್ರಾಂಕ್ಸ್ ನದಿ ದೊಡ್ಡದೇನಲ್ಲ. ಉದ್ದ ಸುಮಾರು 23 ಮೈಲಿ, ಅಂದರೆ 37 ಕಿಲೋಮೀಟರ್. ನಗರದ ಉತ್ತರಕ್ಕಿರುವ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ ಹುಟ್ಟಿ, ಬ್ರಾಂಕ್ಸ್ ಭಾಗದ ನಡುವೆ ಇಳಿದು, ಈಸ್ಟ್ ರಿವರ್ ಸೇರುತ್ತದೆ. ಈಸ್ಟ್ ರಿವರ್ ಹೆಸರಿಗೆ ನದಿ, ನಿಜಕ್ಕೆ ಸಮುದ್ರದ ನೀರಿನ ಕಾಲುವೆ. ನ್ಯೂಯಾರ್ಕ್ ನಗರದೊಳಗೆ ಹರಿಯುವ ಸಿಹಿನೀರಿನ ನದಿ ಅಂತ ಹೇಳಿಕೊಳ್ಳಲು ಇರುವುದು ಇದೊಂದೇ. 1639ರಲ್ಲಿ ಅಲ್ಲಿ ನೆಲೆಸಿದ ಯೋನಸ್ ಬ್ರಾಂಕ್ ಅನ್ನುವವನ ಹೆಸರು ಮೊದಲು ನದಿಗೆ ಬಂತು, ಆಮೇಲೆ ಇಡೀ ಪ್ರದೇಶಕ್ಕೇ ಬಂತು. ಅವನಿಗೂ ಮೊದಲು ಅಲ್ಲಿದ್ದ ಮೂಲ ನಿವಾಸಿಗಳು ಇದನ್ನು ಅಕ್ವೆಹಂಗ್ ಅಂತ ಕರೆಯುತ್ತಿದ್ದರು.

ವಲಸೆ ಬಂದವರು ಮೊದಲು ಇಲ್ಲಿಂದ ತೆಗೆದದ್ದು ಬೀವರ್ ಚರ್ಮ. ಹೊಳೆಗೆ ಕಟ್ಟಿಗೆಯ ಒಡ್ಡು ಕಟ್ಟಿಕೊಂಡು ಬದುಕುವ ಪ್ರಾಣಿ ಅದು, ಅದರ ತುಪ್ಪಳಕ್ಕೆ ಯುರೋಪಿನಲ್ಲಿ ಭಾರೀ ಬೇಡಿಕೆ ಇತ್ತು. ಬೀವರ್ ಮುಗಿದ ಮೇಲೆ ನೀರಿನ ಬಲಕ್ಕೆ ಕೈ ಹಾಕಿದರು. ನದಿಗೆ ಅಡ್ಡಲಾಗಿ ಒಡ್ಡುಗಳು ಬಂದವು, ಪಕ್ಕದಲ್ಲಿ ಹಿಟ್ಟಿನ ಗಿರಣಿ, ನಶ್ಯದ ಗಿರಣಿ ಬಂದವು. ಲೊರಿಲಾರ್ಡ್ ನಶ್ಯದ ಗಿರಣಿಯ ಕಲ್ಲಿನ ಕಟ್ಟಡ ಇವತ್ತಿಗೂ ನದಿ ದಡದ ನ್ಯೂಯಾರ್ಕ್ ಸಸ್ಯೋದ್ಯಾನದ ಒಳಗೆ ನಿಂತಿದೆ. ಸಮುದ್ರದಿಂದ ಮೇಲೆ ಬಂದು ಮೊಟ್ಟೆ ಇಡುತ್ತಿದ್ದ ಮೀನುಗಳಿಗೆ ಈ ಒಡ್ಡುಗಳಿಂದ ದಾರಿ ಮುಚ್ಚಿತು. ಆಮೇಲೆ ನಗರಕ್ಕೆ ಕುಡಿಯುವ ನೀರು ಬೇಕು ಅಂತ ನದಿಯ ನೆತ್ತಿಯಲ್ಲೇ ಕೆನ್ಸಿಕೊ ಜಲಾಶಯ ಕಟ್ಟಿದರು, ನದಿಗೆ ಬರುತ್ತಿದ್ದ ನೀರಿನ ದೊಡ್ಡ ಪಾಲು ಅಲ್ಲೇ ನಿಂತುಹೋಯಿತು.

20ನೇ ಶತಮಾನದ ಶುರುವಿನಲ್ಲೇ ನದಿ ಕೊಳಕಾಗಿತ್ತು. ಆಗ ಮೇಲಿನ ಭಾಗಕ್ಕೆ ಒಂದು ಪರಿಹಾರ ಸಿಕ್ಕಿತು. 1907ರಲ್ಲಿ ಬ್ರಾಂಕ್ಸ್ ರಿವರ್ ಪಾರ್ಕ್‌ವೇ ಆಯೋಗ ಹುಟ್ಟಿತು. ಅದು ನದಿಯ ಇಕ್ಕೆಲದ ಜಮೀನು ಕೊಂಡಿತು, ಕಟ್ಟಡಗಳನ್ನು ತೆಗೆಸಿತು, ಗಿಡ ನೆಟ್ಟಿತು, ಮರಗಳ ನಡುವೆ ಒಂದು ರಸ್ತೆ ಮಾಡಿತು. 1925ಕ್ಕೆ ಕೆಲಸ ಮುಗಿಯಿತು. ಅದರ ಕೆಳಗೆ ಸಸ್ಯೋದ್ಯಾನ ಇತ್ತು, ಬ್ರಾಂಕ್ಸ್ ಮೃಗಾಲಯ ಇತ್ತು. ಅಲ್ಲಿಯವರೆಗೂ ನದಿಗೆ ನೆರಳು ಉಳಿಯಿತು.

ಮೃಗಾಲಯ ದಾಟಿದ ಕೂಡಲೇ ಕಥೆ ಬದಲಾಗುತ್ತದೆ. ಅಲ್ಲಿಂದ ಸಮುದ್ರದವರೆಗೆ ಇದ್ದದ್ದು ಕಾಂಕ್ರೀಟ್ ಘಟಕ, ಗುಜರಿ ಅಂಗಳ, ಕಲ್ಲಿದ್ದಲಿನಿಂದ ಗ್ಯಾಸ್ ತೆಗೆಯುತ್ತಿದ್ದ ಹಳೆಯ ಘಟಕದ ಜಾಗ, ರೈಲು ಹಳಿ, ಗೋದಾಮು. ನಗರದ ಹೆದ್ದಾರಿಗಳನ್ನು ಕಟ್ಟಿಸಿದ ಪ್ರಭಾವಿ ಅಧಿಕಾರಿ ರಾಬರ್ಟ್ ಮೋಸೆಸ್ ಕಾಲದಲ್ಲಿ ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಮನೆಗಳ ನಡುವೆ ಸೀಳಿಕೊಂಡು ಹೋಯಿತು. ಶೆರಿಡನ್ ಎಕ್ಸ್‌ಪ್ರೆಸ್‌ವೇ ಅನ್ನುವ ಇನ್ನೊಂದು ರಸ್ತೆ ನದಿಯ ದಡದುದ್ದಕ್ಕೇ ಬಂದು ಕೂತಿತು. ಅದರ ಉದ್ದ ಬರೀ 2 ಕಿಲೋಮೀಟರ್ ಆಸುಪಾಸು. ಆದರೆ ಅಷ್ಟು ಉದ್ದಕ್ಕೂ ಜನಕ್ಕೆ ನದಿ ಕಾಣದ ಹಾಗೆ ಮಾಡಲು ಅದು ಸಾಕಾಯಿತು. ಪಕ್ಕದ ಬೀದಿಯಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ತಮ್ಮ ಮನೆ ಹತ್ತಿರ ಒಂದು ನದಿ ಇದೆ ಅನ್ನುವುದೇ ಗೊತ್ತಿರಲಿಲ್ಲ.

ಈ ವ್ಯತ್ಯಾಸವನ್ನು ನಾನು ಒತ್ತಿ ಹೇಳುತ್ತೇನೆ. ಮೇಲಿನ ಭಾಗದಲ್ಲಿ ಸ್ಥಿತಿವಂತರು ಇದ್ದರು, ಅಲ್ಲಿಗೆ ಆಯೋಗ ಬಂತು. ಕೆಳಗಿನ ಭಾಗದಲ್ಲಿ ಕಪ್ಪು ಜನಾಂಗದವರು, ಪೋರ್ಟೊ ರಿಕೊದಿಂದ ಬಂದವರು, ಕೂಲಿ ಮಾಡುವವರು ಇದ್ದರು, ಅಲ್ಲಿಗೆ ಲಾರಿಗಳು ಬಂದವು. ನೀರು ಒಂದೇ, ನಗರದ ಕಣ್ಣು ಮಾತ್ರ ಬೇರೆ.

1974ರ ಹೊತ್ತಿಗೆ

ಎಪ್ಪತ್ತರ ದಶಕದಲ್ಲಿ ಸೌತ್ ಬ್ರಾಂಕ್ಸ್ ಅಕ್ಷರಶಃ ಹೊತ್ತಿ ಉರಿಯಿತು. ಮನೆ ಮಾಲೀಕರು ಕಟ್ಟಡಗಳನ್ನು ಕೈಬಿಟ್ಟರು, ಬೆಂಕಿ ಬಿತ್ತು, ಅಗ್ನಿಶಾಮಕ ಠಾಣೆಗಳನ್ನು ನಗರ ಮುಚ್ಚುತ್ತಿತ್ತು. ಕೆಲವು ವಠಾರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ಟಡಗಳು ಇಲ್ಲವಾದವು. ಇಂಥ ಹೊತ್ತಿನಲ್ಲಿ ನದಿಯ ಬಗ್ಗೆ ಯಾರು ಯೋಚಿಸುತ್ತಾರೆ?

ಒಬ್ಬರು ಯೋಚಿಸಿದರು. ರೂತ್ ಆಂಡರ್‌ಬರ್ಗ್ ಅನ್ನುವ ಮಹಿಳೆ. 1974ರಲ್ಲಿ ಅವರು ಬ್ರಾಂಕ್ಸ್ ರಿವರ್ ರೆಸ್ಟೊರೇಶನ್ ಅನ್ನುವ ಗುಂಪು ಕಟ್ಟಿದರು. ಆಗ ಬ್ರಾಂಕ್ಸಿನ ಪೊಲೀಸ್ ಮುಖ್ಯಸ್ಥರಾಗಿದ್ದ ಆಂಥನಿ ಬೌಝಾ ಅವರ ಬೆಂಬಲವೂ ಸಿಕ್ಕಿತು. ನೀರಿನಿಂದ ಟೈರು, ಫ್ರಿಜ್ಜು, ಕಾರಿನ ಅಸ್ಥಿಪಂಜರ ಎಳೆದು ಹಾಕುವ ಕೆಲಸ ಅಲ್ಲಿಂದ ಶುರುವಾಯಿತು. ಆ ಗುಂಪಿನಿಂದ ಇಡೀ ನದಿ ಬದಲಾಗಲಿಲ್ಲ, ಬದಲಾಗುವುದು ಸಾಧ್ಯವೂ ಇರಲಿಲ್ಲ. ಆದರೆ "ಇದು ಚರಂಡಿ ಅಲ್ಲ, ನದಿ" ಅಂತ ಹೇಳುವ ಒಂದು ದನಿ ಮುಂದಿನ ಇಪ್ಪತ್ತು ವರ್ಷ ಬತ್ತದೆ ಉಳಿಯಿತು. ಮುಂದೆ ಬಂದವರು ಸೊನ್ನೆಯಿಂದ ಶುರು ಮಾಡಬೇಕಾಗಲಿಲ್ಲ ಅನ್ನುವುದಕ್ಕೆ ಇವರೇ ಕಾರಣ.

ದೋಣಿ ಮೊದಲು, ಪಾರ್ಕ್ ಆಮೇಲೆ

1997ರಲ್ಲಿ ನಗರದ ಪಾರ್ಕ್ ಇಲಾಖೆಯೂ ಸ್ಥಳೀಯ ಸಂಘಗಳೂ ಸೇರಿ ಒಂದು ಕಾರ್ಯಪಡೆ ಮಾಡಿಕೊಂಡವು. ನಿಧಾನಕ್ಕೆ 60ಕ್ಕೂ ಜಾಸ್ತಿ ಸಂಘ ಸಂಸ್ಥೆಗಳು, ಸರ್ಕಾರಿ ಇಲಾಖೆಗಳು, ವ್ಯಾಪಾರಿಗಳು ಅದರೊಳಗೆ ಬಂದರು. ಇಷ್ಟು ಜನ ಒಂದು ಮೇಜಿನ ಸುತ್ತ ಕೂತರೆ ಸಾಮಾನ್ಯವಾಗಿ ಏನಾಗುತ್ತದೆ ಅಂತ ಸಂಘ ಕಟ್ಟಿದವರಿಗೆಲ್ಲ ಗೊತ್ತು. ವರದಿ ಬರುತ್ತದೆ, ನಕ್ಷೆ ಬರುತ್ತದೆ, ಆಮೇಲೆ ಸಭೆಗೆ ಬರುವವರ ಸಂಖ್ಯೆ ಇಳಿಯುತ್ತದೆ.

ಇವರು ಇನ್ನೊಂದು ದಾರಿ ಹಿಡಿದರು. ಜನರನ್ನು ನೀರಿಗೆ ಇಳಿಸಿದರು. 1999ರಲ್ಲಿ ಒಂದು ದೊಡ್ಡ ಚಿನ್ನದ ಬಣ್ಣದ ಚೆಂಡನ್ನು ನದಿಯಲ್ಲಿ ತೇಲಿಬಿಟ್ಟು, ಅದು ಹೋದಲ್ಲೆಲ್ಲ ದಡದಲ್ಲಿ ಹಬ್ಬ ಮಾಡಿದರು. ಕೇಳಲು ಮಕ್ಕಳಾಟದ ಹಾಗಿದೆ. ಆದರೆ ಆ ಚೆಂಡು ಮೇಲಿನ ಊರಿಂದ ಕೆಳಗಿನ ಊರಿಗೆ ಬಂದಾಗ, ಎರಡೂ ಕಡೆಯ ಜನಕ್ಕೆ ತಾವು ಒಂದೇ ನದಿಯವರು ಅನ್ನುವುದು ಕಣ್ಣಿಗೆ ಕಂಡಿತು. ಸಭೆ ಮಾಡಿ ಇದನ್ನು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ದೋಣಿಯಲ್ಲಿ ಹೋಗುವ ಪದ್ಧತಿಯೂ ಆಗಲೇ ಶುರುವಾಯಿತು. ಶಾಸಕರು, ಅಧಿಕಾರಿಗಳು, ಶಾಲಾ ಮಕ್ಕಳು, ಎಲ್ಲರನ್ನೂ ದೋಣಿಗೆ ಹತ್ತಿಸಿದರು. ದಡದಲ್ಲಿ ನಿಂತರೆ ಬೇಲಿ ಕಾಣುತ್ತದೆ, ಗೋದಾಮಿನ ಹಿಂಭಾಗ ಕಾಣುತ್ತದೆ. ದೋಣಿಯಲ್ಲಿ ಕೂತರೆ ಅದೇ ಜಾಗದಲ್ಲಿ ಬೆಳ್ಳಕ್ಕಿ ಕಾಣುತ್ತದೆ. ಅನುದಾನ ಕೊಡುವ ಅಧಿಕಾರ ಇರುವವರು ಎಲ್ಲಿ ಕೂತು ನದಿ ನೋಡುತ್ತಾರೆ ಅನ್ನುವುದು ತುಂಬಾ ಮುಖ್ಯ.

ಇದೇ ಕಾಲಕ್ಕೆ ರಾಕಿಂಗ್ ದ ಬೋಟ್ ಅನ್ನುವ ಸಂಸ್ಥೆ ಬೆಳೆಯಿತು. ಅವರು ಅಲ್ಲಿನ ಹೈಸ್ಕೂಲ್ ಮಕ್ಕಳಿಗೆ ಮರದ ದೋಣಿ ಕಟ್ಟುವುದನ್ನು ಕಲಿಸುತ್ತಾರೆ. ಮಕ್ಕಳು ಹಲಗೆ ಕೊಯ್ದು, ಬಗ್ಗಿಸಿ, ಮೊಳೆ ಹೊಡೆದು, ತಾವೇ ಕಟ್ಟಿದ ದೋಣಿಯನ್ನು ಬ್ರಾಂಕ್ಸ್ ನದಿಗೆ ಇಳಿಸುತ್ತಾರೆ. ನೀರಿನ ಮಾದರಿ ತೆಗೆದು ಪರೀಕ್ಷೆ ಮಾಡುತ್ತಾರೆ, ವಾರದ ಕೊನೆಯಲ್ಲಿ ಊರಿನವರನ್ನು ಕೂರಿಸಿಕೊಂಡು ಹುಟ್ಟು ಹಾಕುತ್ತಾರೆ. ತನ್ನ ಕೈಯಾರೆ ಕಟ್ಟಿದ ದೋಣಿ ತೇಲುವ ನೀರಿಗೆ ಯಾವ ಹುಡುಗಿಯೂ ಪ್ಲಾಸ್ಟಿಕ್ ಚೀಲ ಎಸೆಯುವುದಿಲ್ಲ, ಅಲ್ವಾ?

2001ರಲ್ಲಿ ಕಾರ್ಯಪಡೆ ಒಂದು ಖಾಯಂ ಸಂಸ್ಥೆಯಾಯಿತು. ಅದೇ ಬ್ರಾಂಕ್ಸ್ ರಿವರ್ ಅಲಯನ್ಸ್. ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ, ಈ ಪ್ರಕರಣದ ಜೀವ ಇರುವುದೇ ಅಲ್ಲಿ.

ಹಂಟ್ಸ್ ಪಾಯಿಂಟ್

ಮೂರು ಪಾರ್ಕುಗಳ ಕಥೆ ಹೇಳಬೇಕು. ಮೊದಲನೆಯದು ಹಂಟ್ಸ್ ಪಾಯಿಂಟ್ ರಿವರ್‌ಸೈಡ್ ಪಾರ್ಕ್. ಹಂಟ್ಸ್ ಪಾಯಿಂಟ್ ಅಂದರೆ ನಗರದ ದೊಡ್ಡ ತರಕಾರಿ, ಮಾಂಸದ ಸಗಟು ಮಾರುಕಟ್ಟೆಗಳಿರುವ ಜಾಗ. ಹಗಲೂ ರಾತ್ರಿ ಲಾರಿ ಓಡಾಟ, ಕಸ ಸಾಗಿಸುವ ಕೇಂದ್ರಗಳು, ಮಕ್ಕಳಲ್ಲಿ ಅಸ್ತಮಾ ಜಾಸ್ತಿ. ಅಲ್ಲೇ ಹುಟ್ಟಿ ಬೆಳೆದ ಮಜೋರಾ ಕಾರ್ಟರ್ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಸಮುದಾಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ನದಿ ದಡಕ್ಕೆ ಸಂಬಂಧಪಟ್ಟ ಕೆಲಸಕ್ಕೆ 10 ಸಾವಿರ ಡಾಲರ್ ಬೀಜಧನ ಇದೆ, ಅರ್ಜಿ ಹಾಕಿ ಅಂತ ಅವರಿಗೆ ಹೇಳಿದವರಿದ್ದರು. ಆದರೆ ಜನ ಕಾಲಿಡುವಂಥ ದಡವೇ ಅಲ್ಲಿ ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರ ನಾಯಿ ಝೀನಾ ಅವರನ್ನು ಎಳೆದುಕೊಂಡು ಒಂದು ಕಸದ ರಾಶಿಯ ಒಳಗೆ ಹೋಯಿತು, ಆ ರಾಶಿಯ ಆಚೆ ನದಿ ಇತ್ತು. ಈ ಘಟನೆಯನ್ನು ಅವರೇ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ.

ಆ 10 ಸಾವಿರ ಡಾಲರ್ ಮುಂದೆ ಸುಮಾರು 30 ಲಕ್ಷ ಡಾಲರ್ ವೆಚ್ಚದ ಪಾರ್ಕ್ ಆಯಿತು. ಮೊದಲು ಬರೀ ಗುಡಿಸಿ, ಗಿಡ ನೆಟ್ಟು, ಜನ ಬಂದು ಕೂರುವ ಹಾಗೆ ಮಾಡಿದರು. ಪೂರ್ಣ ಪ್ರಮಾಣದ ಪಾರ್ಕ್ ತೆರೆದದ್ದು 2007ರಲ್ಲಿ. ಸೌತ್ ಬ್ರಾಂಕ್ಸಿಗೆ 60 ವರ್ಷದ ನಂತರ ಸಿಕ್ಕ ಮೊದಲ ದಡದ ಪಾರ್ಕ್ ಅದು. ಮಧ್ಯೆ ಏಳೆಂಟು ವರ್ಷ ಕಳೆದಿದೆ ಅನ್ನುವುದನ್ನು ಗಮನಿಸಿ. ಆ ವರ್ಷಗಳಲ್ಲಿ ಜಾಗ ಖಾಲಿ ಬಿದ್ದಿರಲಿಲ್ಲ. ಜನ ಬಳಸುತ್ತಲೇ ಇದ್ದರು, ಹಾಗಾಗಿ ಮತ್ತೆ ಕಸ ಸುರಿಯುವವರಿಗೆ ಧೈರ್ಯ ಬರಲಿಲ್ಲ, ಹಣ ಕೊಡುವವರಿಗೂ ಇದು ಸುಮ್ನೆ ಕಾಗದದ ಮೇಲಿನ ಯೋಜನೆ ಅನ್ನಿಸಲಿಲ್ಲ. ದುಡ್ಡು ಬಂದ ಮೇಲೆ ಬಳಸೋಣ ಅಂತ ಕಾದಿದ್ದರೆ ದುಡ್ಡೇ ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಕಾಂಕ್ರೀಟ್ ಘಟಕವನ್ನು ಕೆಡವದೆ

ಎರಡನೆಯದು ಇನ್ನೂ ಸ್ವಾರಸ್ಯ. ನದಿಯ ಪಶ್ಚಿಮ ದಡದಲ್ಲಿ ಒಂದು ಕಾಂಕ್ರೀಟ್ ಮಿಶ್ರಣ ಘಟಕ ನಾಲ್ಕು ದಶಕ ನಡೆದು 1987ರಲ್ಲಿ ನಿಂತುಹೋಗಿತ್ತು. ಎತ್ತರದ ಗೋಪುರಗಳು, ಸಿಮೆಂಟ್ ತುಂಬುವ ದೊಡ್ಡ ಪಾತ್ರೆಗಳು, ಸಾಗಣೆ ಪಟ್ಟಿಗಳು ತುಕ್ಕು ಹಿಡಿದು ನಿಂತಿದ್ದವು. ಜಾಗ ನಗರದ ಕೈಗೆ ಬಂದಿತ್ತು, ಅದನ್ನು ಹರಾಜು ಹಾಕುವ ತಯಾರಿ ನಡೆದಿತ್ತು. ಯೂತ್ ಮಿನಿಸ್ಟ್ರೀಸ್ ಫಾರ್ ಪೀಸ್ ಅಂಡ್ ಜಸ್ಟಿಸ್ ಅನ್ನುವ ಸ್ಥಳೀಯ ಸಂಸ್ಥೆಯ ಹುಡುಗ ಹುಡುಗಿಯರು ಅಡ್ಡ ನಿಂತರು. ಈ ಸಂಸ್ಥೆಯನ್ನು 1994ರಲ್ಲಿ ಕಟ್ಟಿದವರು ಅಲೆಕ್ಸಿ ಟೊರೆಸ್ ಫ್ಲೆಮಿಂಗ್. ಅಲ್ಲಿ ಬೆಳೆದು ಹೊರಗೆ ಹೋಗಿ, ಮತ್ತೆ ವಾಪಸ್ ಬಂದವರು ಅವರು. ಮಕ್ಕಳು ಸಹಿ ಸಂಗ್ರಹಿಸಿದರು, ಅಧಿಕಾರಿಗಳ ಮುಂದೆ ಮಾತಾಡಿದರು, ಜಾಗದ ನಕ್ಷೆ ತಾವೇ ಬರೆದು ತೋರಿಸಿದರು. 2000ದಲ್ಲಿ ಜಾಗ ಪಾರ್ಕ್ ಇಲಾಖೆಗೆ ಹೋಯಿತು. 2009ರಲ್ಲಿ ಕಾಂಕ್ರೀಟ್ ಪ್ಲಾಂಟ್ ಪಾರ್ಕ್ ಅಂತಲೇ ಹೆಸರಿಟ್ಟು ತೆರೆದರು.

ಗೋಪುರಗಳನ್ನು ಕೆಡವಲಿಲ್ಲ. ಕೆಂಪು ಬಣ್ಣ ಬಳಿದು ಹಾಗೇ ನಿಲ್ಲಿಸಿದರು. ಸುಮಾರು 7 ಎಕರೆಯ ಪಾರ್ಕಿನಲ್ಲಿ ದಡಕ್ಕೆ ಜೌಗು ಹುಲ್ಲು ವಾಪಸ್ ಬಂದಿದೆ, ಸೈಕಲ್ ದಾರಿ ಇದೆ, ಸಣ್ಣ ದೋಣಿ ಇಳಿಸುವ ಜಾಗ ಇದೆ, ನಡುವೆ ಈ ಹಳೆಯ ಯಂತ್ರಗಳು ನಿಂತಿವೆ. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. ಆ ಬೀದಿಗಳ ಜನ ಇಂಥ ಘಟಕಗಳ ಧೂಳು ಕುಡಿದು ಬದುಕಿದವರು. ಅದನ್ನೆಲ್ಲ ಅಳಿಸಿ ಹುಲ್ಲು ಹಾಸಿದ್ದರೆ ಪಾರ್ಕ್ ಚೆಂದ ಕಾಣುತ್ತಿತ್ತೇನೋ, ಆದರೆ ಅದು ಅವರ ಊರಿನ ಪಾರ್ಕ್ ಅನ್ನಿಸುತ್ತಿರಲಿಲ್ಲ.

ಈ ಪಾರ್ಕಿನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ನ್ಯೂಯಾರ್ಕಿನ ಪಾರ್ಕುಗಳಲ್ಲಿ ಹಣ್ಣು, ಸೊಪ್ಪು, ಗಿಡ ಕೀಳುವುದಕ್ಕೆ ನಿಷೇಧ ಇದೆ. 2017ರಲ್ಲಿ ಇಲ್ಲಿ ಫುಡ್‌ವೇ ಅನ್ನುವ ತೋಟ ಮಾಡಿ, ಇದರೊಳಗಿನದ್ದನ್ನು ಜನ ಕಿತ್ತುಕೊಂಡು ತಿನ್ನಬಹುದು ಅಂತ ಒಪ್ಪಿಗೆ ಪಡೆದರು. ತರಕಾರಿ ಲಾರಿಗಳು ಸಾಲುಗಟ್ಟಿ ಹೋಗುವ ಊರು ಅದು, ಅಲ್ಲಿನ ಮನೆಗಳಿಗೇ ತಾಜಾ ಹಣ್ಣು ಸೊಪ್ಪು ಸಿಗುವುದು ಕಷ್ಟ. ಅಂಥ ಕಡೆ ಸಾರ್ವಜನಿಕ ಜಾಗದಲ್ಲಿ ಕೈಚಾಚಿ ಹಣ್ಣು ಕೀಳುವ ಹಕ್ಕು ಸಿಗುವುದು ಸಣ್ಣ ವಿಷಯ ಅಲ್ಲ. ಬೆಳೆದದ್ದನ್ನು ತಿನ್ನುವ ಜನ ನೀರು ಹಾಕಲೂ ಬರುತ್ತಾರೆ.

ಸ್ಟಾರ್‌ಲೈಟ್: ಮಣ್ಣಿನ ಅಡಿಯಲ್ಲಿ ಇದ್ದದ್ದು

ಮೂರನೆಯದು ಸ್ಟಾರ್‌ಲೈಟ್ ಪಾರ್ಕ್. ನೂರು ವರ್ಷದ ಹಿಂದೆ ಇಲ್ಲಿ ಇದೇ ಹೆಸರಿನ ಮನರಂಜನಾ ಉದ್ಯಾನ ಇತ್ತು. ಹೊಸ ಪಾರ್ಕಿಗೆ ಅಗೆಯಲು ಹೋದಾಗ ನೆಲದಡಿ ವಿಷ ಸಿಕ್ಕಿತು. ಹಿಂದೆ ಕಲ್ಲಿದ್ದಲು ಸುಟ್ಟು ಗ್ಯಾಸ್ ತಯಾರಿಸುತ್ತಿದ್ದ ಘಟಕ ಬಿಟ್ಟುಹೋದ ಡಾಂಬರಿನಂಥ ತ್ಯಾಜ್ಯ ಅದು. ಕೆಲಸ ನಿಂತಿತು. ಮಣ್ಣು ತೆಗೆದು, ಶುದ್ಧ ಮಾಡಿ, ಪಾರ್ಕ್ ತೆರೆಯುವ ಹೊತ್ತಿಗೆ 2013 ಬಂತು. ಆದರೂ ಅದು ಕಾಂಕ್ರೀಟ್ ಪ್ಲಾಂಟ್ ಪಾರ್ಕಿಗೆ ಸೇರಿರಲಿಲ್ಲ, ನಡುವೆ ರೈಲು ಹಳಿ ಅಡ್ಡ ಇತ್ತು. ಹಳಿಯ ಮೇಲೂ ನದಿಯ ಮೇಲೂ ಸೇತುವೆ ಹಾಕಲು ರೈಲ್ವೆಯವರ ಒಪ್ಪಿಗೆ, ವಿನ್ಯಾಸ, ಹಣ ಎಲ್ಲ ಹೊಂದಿಸಿ, ಎರಡು ಪಾರ್ಕುಗಳು ಕೂಡಿದ್ದು 2023ರಲ್ಲಿ. ಕಾಂಕ್ರೀಟ್ ಪ್ಲಾಂಟ್ ಪಾರ್ಕಿಗೆ ಹೋರಾಡಿದ ಹುಡುಗ ಹುಡುಗಿಯರು ಆ ಹೊತ್ತಿಗೆ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗುವ ವಯಸ್ಸಿಗೆ ಬಂದಿದ್ದರು.

ಶೆರಿಡನ್ ರಸ್ತೆಯದ್ದು ಇದಕ್ಕಿಂತ ದೀರ್ಘ ಜಗಳ. ರಾಜ್ಯದ ಸಾರಿಗೆ ಇಲಾಖೆ ತೊಂಬತ್ತರ ದಶಕದಲ್ಲಿ ಅದನ್ನು ಇನ್ನೂ ದೊಡ್ಡದು ಮಾಡಲು ಹೊರಟಾಗ, ದಡದ ಸಂಘಗಳು ಸೇರಿ ಇದನ್ನು ಕಿತ್ತೇ ಹಾಕಿ ಅಂತ ಕೇಳಿದವು. ಎರಡು ದಶಕದ ಸಭೆ, ಅಧ್ಯಯನ, ಪ್ರತಿಭಟನೆ ಆದಮೇಲೆ 2019ರಲ್ಲಿ ಅದು ಸಿಗ್ನಲ್ ಇರುವ, ಜನ ದಾಟಬಹುದಾದ ಸಾಮಾನ್ಯ ರಸ್ತೆಯಾಯಿತು. ಪೂರ್ತಿ ತೆಗೆದುಹಾಕಲಿಲ್ಲ. ಆದರೆ ಈಗ ವಠಾರದ ಮಗು ರಸ್ತೆ ದಾಟಿ ಸ್ಟಾರ್‌ಲೈಟ್ ಪಾರ್ಕಿಗೆ ನಡೆದು ಹೋಗಬಹುದು. ಪಾರ್ಕ್ ಚೆನ್ನಾಗಿದ್ದು ಅಲ್ಲಿಗೆ ಹೋಗುವ ದಾರಿ ಇಲ್ಲದಿದ್ದರೆ ಏನು ಪ್ರಯೋಜನ? ನದಿ ಪಾರ್ಕಿನ ಹೋರಾಟ ಅಂದರೆ ಅರ್ಧ ರಸ್ತೆಯ ಹೋರಾಟವೇ.

ಒಂದೇ ಕುರ್ಚಿ, ಎರಡು ಜವಾಬ್ದಾರಿ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಲಯನ್ಸ್ ಮಾಡಿಕೊಂಡ ವ್ಯವಸ್ಥೆ ಏನೆಂದರೆ, ಸಂಸ್ಥೆಯ ಕಾರ್ಯನಿರ್ವಾಹಕ ನಿರ್ದೇಶಕರೇ ನಗರದ ಪಾರ್ಕ್ ಇಲಾಖೆಯಲ್ಲಿ ಬ್ರಾಂಕ್ಸ್ ನದಿಯ ಆಡಳಿತಾಧಿಕಾರಿಯೂ ಆಗಿರುತ್ತಾರೆ. ಒಬ್ಬರೇ ವ್ಯಕ್ತಿ, ಒಂದು ಕೈಯಲ್ಲಿ ಜನರ ಸಂಸ್ಥೆ, ಇನ್ನೊಂದು ಕೈಯಲ್ಲಿ ಇಲಾಖೆಯ ಅಧಿಕಾರ.

ಇದರಿಂದ ಏನಾಗುತ್ತದೆ ನೋಡಿ. ಸಾಮಾನ್ಯವಾಗಿ ಸಂಘದವರು ಇಲಾಖೆಗೆ ಅರ್ಜಿ ಕೊಡುತ್ತಾರೆ, ಇಲಾಖೆ ಬೇರೆ ಇಲಾಖೆಗೆ ಕಳಿಸುತ್ತದೆ, ಅಷ್ಟರಲ್ಲಿ ಅಧಿಕಾರಿ ವರ್ಗ ಆಗುತ್ತಾರೆ, ಹೊಸಬರಿಗೆ ಮೊದಲಿಂದ ಹೇಳಬೇಕು. ಇಲ್ಲಿ ಅರ್ಜಿ ಕೊಡುವವರೂ ತೆಗೆದುಕೊಳ್ಳುವವರೂ ಬೇರೆ ಬೇರೆ ಅಲ್ಲ. ನಗರದಿಂದ ಬಾರದ ಹಣವನ್ನು ಸಂಸ್ಥೆ ದೇಣಿಗೆ, ಅನುದಾನಗಳಿಂದ ತರಬಹುದು. ಸಂಸ್ಥೆಯಿಂದ ಆಗದ ಟೆಂಡರ್, ಪೊಲೀಸ್, ಪರವಾನಗಿ ಕೆಲಸಕ್ಕೆ ಇಲಾಖೆಯ ಬಲ ಸಿಗುತ್ತದೆ. ಮೇಲಾಗಿ ಈ ಕುರ್ಚಿಯ ಕೆಲಸವೇ ಒಂದು ನದಿ. ನಗರದ ನೂರಾರು ಪಾರ್ಕುಗಳ ಮಧ್ಯೆ ಇದೂ ಒಂದು ಅಂತ ಅಲ್ಲ.

ಇದರಲ್ಲಿ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ನಗರವೇ ತಪ್ಪು ಮಾಡಿದಾಗ ಈ ಕುರ್ಚಿಯಲ್ಲಿ ಕೂತವರು ಎಷ್ಟು ಗಟ್ಟಿಯಾಗಿ ಮಾತಾಡಬಲ್ಲರು? ಇದಕ್ಕೆ ಬ್ರಾಂಕ್ಸಿನಲ್ಲಿ ಸಿಕ್ಕ ಉತ್ತರ ಎಂದರೆ, ಸುತ್ತ ಬೇರೆ ಸಂಘಗಳು ಸ್ವತಂತ್ರವಾಗಿಯೇ ಉಳಿದವು. ಶೆರಿಡನ್ ರಸ್ತೆಯ ಜಗಳ, ಬಾಡಿಗೆ ಜಗಳ, ಪೊಲೀಸ್ ದೌರ್ಜನ್ಯದ ವಿರುದ್ಧದ ಜಗಳವನ್ನು ಅವು ತಾವೇ ಮಾಡಿದವು. ಎಲ್ಲವೂ ಒಂದೇ ಸಂಸ್ಥೆಯೊಳಗೆ ಕರಗಿಹೋಗಿದ್ದರೆ ಈ ವ್ಯವಸ್ಥೆ ಕೆಡುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ದಿನದ ಕೆಲಸ. ಅಲಯನ್ಸಿಗೆ ಸಂಬಳ ಪಡೆಯುವ ಒಂದು ಸಂರಕ್ಷಣಾ ತಂಡ ಇದೆ. ಅದರಲ್ಲಿ ಅಲ್ಲಿಯದೇ ಬೀದಿಗಳ ಜನ ಇರುತ್ತಾರೆ, ತರಬೇತಿ ಪಡೆದು ನದಿಯೊಳಗೆ ಇಳಿದು ಕೆಲಸ ಮಾಡುತ್ತಾರೆ. ಬಿದ್ದ ಮರ ಎಲ್ಲಿ ತೆಗೆಯಬೇಕು, ಎಲ್ಲಿ ಮೀನಿಗೆ ನೆರಳಾಗಿ ಬಿಡಬೇಕು ಅಂತ ಅವರಿಗೆ ಗೊತ್ತು. ನೀರಿಗೆ ಅಡ್ಡ ಕಟ್ಟಿದ ತೇಲುವ ತಡೆಯಲ್ಲಿ ಸಿಕ್ಕಿಕೊಳ್ಳುವ ಬಾಟಲಿ, ಥರ್ಮಾಕೋಲ್ ಎಲ್ಲ ತೆಗೆಯುತ್ತಾರೆ. ಜಪಾನೀಸ್ ನಾಟ್‌ವೀಡ್ ಅನ್ನುವ ಕಳೆ ದಡದುದ್ದಕ್ಕೂ ಇದೆ. ಅದರ ಬೇರಿನ ಒಂದು ಸಣ್ಣ ಚೂರು ಉಳಿದರೂ ಮತ್ತೆ ಚಿಗುರುತ್ತದೆ. ಒಂದು ಭಾನುವಾರ ನೂರು ಜನ ಸ್ವಯಂಸೇವಕರು ಬಂದು ಕಿತ್ತರೆ ಅದು ಹೋಗುವುದಿಲ್ಲ, ವರ್ಷಗಟ್ಟಲೆ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವವರು ಬೇಕು. ಸ್ವಯಂಸೇವಕರ ಬಗ್ಗೆ ನನಗೆ ಅಪಾರ ಗೌರವ ಇದೆ, ಅಲ್ಲೂ ಅವರು ನೀರಿನ ಗುಣಮಟ್ಟ ಅಳೆಯುತ್ತಾರೆ, ಗಿಡ ನೆಡುತ್ತಾರೆ. ಆದರೆ ಬಡವರ ಬೀದಿಯಲ್ಲಿ ಪಾರ್ಕ್ ಉಳಿಸುವ ಕೆಲಸವನ್ನು ಪೂರ್ತಿ ಬಿಟ್ಟಿ ಸೇವೆಯ ಮೇಲೆ ಹಾಕುವುದು ಅನ್ಯಾಯ. ಎರಡೆರಡು ಕೆಲಸ ಮಾಡಿ ಮನೆ ನಡೆಸುವವರಿಗೆ ರಜಾದಿನದ ಪುರುಸೊತ್ತು ಎಲ್ಲಿಂದ ಬರಬೇಕು? ಅದೇ ಕೆಲಸ ಅವರ ಸಂಬಳವೇ ಆದರೆ ಮಾತು ಬೇರೆ.

ಹಣದ ಕಷ್ಟ ಅಲ್ಲೂ ತಪ್ಪಿಲ್ಲ. ಹೊಸ ಪಾರ್ಕ್ ಕಟ್ಟಲು ಬಂಡವಾಳದ ಹಣ ಸಿಗುತ್ತದೆ, ಅದಕ್ಕೆ ಫಲಕ ಹಾಕಬಹುದು. ಹುಲ್ಲು ಕತ್ತರಿಸಲು, ನಲ್ಲಿ ರಿಪೇರಿಗೆ, ರಾತ್ರಿ ಗೇಟು ಹಾಕುವವರ ಸಂಬಳಕ್ಕೆ ಹಣ ಕೇಳಿದರೆ ಕೈ ಬಿಗಿಯಾಗುತ್ತದೆ. ನ್ಯೂಯಾರ್ಕ್ ನಗರದ ಒಟ್ಟು ಬಜೆಟ್‌ನಲ್ಲಿ ಪಾರ್ಕುಗಳ ದಿನನಿತ್ಯದ ಖರ್ಚಿಗೆ ಹೋಗುವುದು ಶೇಕಡಾ 1ಕ್ಕಿಂತ ಕಡಿಮೆ. ಈ ಕೊರತೆಯನ್ನು ಅಲಯನ್ಸ್‌ನಂಥ ಸಂಸ್ಥೆಗಳು ತುಂಬುತ್ತವೆ. ತುಂಬುವುದು ಒಳ್ಳೆಯದೇ, ಆದರೆ ಅವರು ತುಂಬುತ್ತಾರೆ ಅಂತ ನಗರ ತನ್ನ ಪಾಲು ಇನ್ನೂ ಇಳಿಸಬಾರದು.

ನೀರಿಗೆ ವಾಪಸ್ ಬಂದವರು

2006ರಲ್ಲಿ ಪಕ್ಕದ ಕನೆಕ್ಟಿಕಟ್ ರಾಜ್ಯದಿಂದ ಏಲ್‌ವೈಫ್ ಅನ್ನುವ ಹೆರಿಂಗ್ ಜಾತಿಯ ಮೀನುಗಳನ್ನು ತಂದು ನದಿಗೆ ಬಿಟ್ಟರು. ಇವು ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ, ಮೂರು ನಾಲ್ಕು ವರ್ಷಕ್ಕೆ ಮೊಟ್ಟೆ ಇಡಲು ವಾಪಸ್ ಬರುವ ಮೀನು. 2009ರಲ್ಲಿ ಕೆಲವು ವಾಪಸ್ ಬಂದವು. ಆಮೇಲೆ 182ನೇ ಬೀದಿಯ ಹಳೆಯ ಒಡ್ಡಿನ ಪಕ್ಕ ಮೀನು ಹತ್ತಲು ಏಣಿಯಂಥ ದಾರಿ ಮಾಡಿದರು, 2015ರಲ್ಲಿ ಅದು ಮುಗಿಯಿತು.

2007ರ ಫೆಬ್ರುವರಿಯಲ್ಲಿ ಮೃಗಾಲಯದ ಹತ್ತಿರ ಒಂದು ಬೀವರ್ ಕಾಣಿಸಿತು. ನಗರದೊಳಗೆ 200 ವರ್ಷದಿಂದ ಕಾಣದ ಪ್ರಾಣಿ, ಯಾರೂ ತಂದು ಬಿಟ್ಟದ್ದಲ್ಲ, ತಾನೇ ಬಂದದ್ದು. ನದಿಗೆ ಸುಮಾರು 1.5 ಕೋಟಿ ಡಾಲರ್ ಕೇಂದ್ರ ಸರ್ಕಾರದ ಹಣ ತಂದಿದ್ದ ಆಗಿನ ಸಂಸದ ಹೋಸೆ ಸೆರಾನೊ ಅವರ ಗೌರವಕ್ಕೆ ಅದಕ್ಕೂ ಹೋಸೆ ಅಂತ ಹೆಸರಿಟ್ಟರು. 2010ರಲ್ಲಿ ಅದಕ್ಕೆ ಇನ್ನೊಂದು ಜೊತೆ ಸಿಕ್ಕಿತು. ನ್ಯೂಯಾರ್ಕ್ ನಗರದ ಲಾಂಛನದಲ್ಲಿ ಬೀವರ್ ಚಿತ್ರ ಇದೆ, ಆದರೆ ಆ ಪ್ರಾಣಿಗೆ ನಗರದಲ್ಲಿ ಜಾಗ ಇರಲಿಲ್ಲ. ಆ ಸುದ್ದಿ ಬಂದಾಗ ದಡದ ಜನ ಎಷ್ಟು ಸಂಭ್ರಮಪಟ್ಟಿರಬೇಕು ಅಂತ ಯೋಚಿಸಿದರೆ ನನಗೂ ಖುಷಿಯಾಗುತ್ತದೆ. ವರದಿಯ ಹತ್ತು ಪುಟ ಹೇಳದ್ದನ್ನು ಆ ಪ್ರಾಣಿ ಹೇಳಿತ್ತು.

ಇನ್ನೂ ಬಗೆಹರಿಯದ್ದು

ನೀರು ಇನ್ನೂ ಪೂರ್ತಿ ಶುದ್ಧವಾಗಿಲ್ಲ. ನ್ಯೂಯಾರ್ಕಿನ ಸುಮಾರು ಶೇಕಡಾ 60ರಷ್ಟು ಭಾಗದಲ್ಲಿ ಮಳೆನೀರು ಮತ್ತು ಶೌಚದ ನೀರು ಒಂದೇ ಕೊಳವೆಯಲ್ಲಿ ಹೋಗುತ್ತದೆ. ಜೋರು ಮಳೆ ಬಂದರೆ ಶುದ್ಧೀಕರಣ ಘಟಕಕ್ಕೆ ತಡೆಯಲು ಆಗುವುದಿಲ್ಲ, ಉಕ್ಕಿದ್ದು ನೇರ ನದಿಗೆ ಬೀಳುತ್ತದೆ. ಮೇಲಿನ ಊರುಗಳ ಒಳಚರಂಡಿ ಸೋರಿಕೆಯೂ ಸೇರುತ್ತಿತ್ತು, ರಾಜ್ಯದ ಅಟಾರ್ನಿ ಜನರಲ್ ಕಚೇರಿ ಮಧ್ಯೆ ಬಂದು ಆ ಊರುಗಳಿಂದ ಸರಿ ಮಾಡಿಸುವ ಒಪ್ಪಂದ ಮಾಡಿಸಬೇಕಾಯಿತು. 2021ರ ಸೆಪ್ಟೆಂಬರಿನಲ್ಲಿ ಇಡಾ ಚಂಡಮಾರುತದ ಮಳೆಗೆ ನದಿ ಉಕ್ಕಿ ಪಾರ್ಕ್‌ವೇ ರಸ್ತೆಯನ್ನೇ ಮುಳುಗಿಸಿತು. ಇಂಥ ನೆರೆ ಇಳಿದ ಮೇಲೆ ಕೆಸರು, ಕಸ ಎಲ್ಲ ದಡದಲ್ಲಿ ಕೂರುತ್ತದೆ, ತಂಡ ಮತ್ತೆ ಮೊದಲಿಂದ ಶುರು ಮಾಡಬೇಕು. ಪಾರ್ಕಿನೊಳಗೆ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಕೊಳವೆ ಸರಿಯಾಗದೆ ನದಿ ಸರಿಯಾಗುವುದಿಲ್ಲ. ಬೀದಿಯಲ್ಲೇ ಮಳೆನೀರು ಇಂಗಿಸುವ ಗುಂಡಿ ತೋಟಗಳನ್ನು ನಗರ ಮಾಡುತ್ತಿದೆ, ಆದರೆ ಅವು ಸಾಕಾಗುವ ಮಟ್ಟಕ್ಕೆ ಬಂದಿಲ್ಲ.

ಎರಡನೆಯದು ಬಾಡಿಗೆ. ನದಿ ಕಾಣುವ, ಪಾರ್ಕ್ ಇರುವ ಬೀದಿ ಆದ ಕೂಡಲೇ ಕಟ್ಟಡ ಕಟ್ಟುವವರ ಕಣ್ಣು ಬೀಳುತ್ತದೆ. ನದಿಯನ್ನು ಕಸದಿಂದ ಎತ್ತಿದವರು ನದಿ ಚೆಂದ ಆದಮೇಲೆ ಅಲ್ಲಿ ಇರಲು ಆಗದೆ ಹೋದರೆ ಅದಕ್ಕಿಂತ ದುಃಖ ಏನಿದೆ? ಅಲ್ಲಿನ ಕೆಲವು ಸಂಘಗಳು ಪಾರ್ಕಿನ ಹೋರಾಟವನ್ನು ಬೇರೆ, ಮನೆಯ ಹೋರಾಟವನ್ನು ಬೇರೆ ಅಂತ ನೋಡಲೇ ಇಲ್ಲ. ಶೆರಿಡನ್ ಜಾಗ ಬಿಡಿಸಿಕೊಳ್ಳುವಾಗಲೇ ಅಲ್ಲಿ ಕೈಗೆಟಕುವ ಬಾಡಿಗೆಯ ಮನೆಗಳೂ ಬೇಕು ಅಂತ ಬರೆದು ಕೊಟ್ಟಿದ್ದರು. ಆ ಬೇಡಿಕೆ ಪಾರ್ಕಿನಷ್ಟು ಸುಲಭವಾಗಿ ಕೈಗೂಡಿಲ್ಲ. ಪಾರ್ಕ್ ಕೊಡಲು ಸರ್ಕಾರಗಳು ಒಪ್ಪುತ್ತವೆ, ಬಾಡಿಗೆ ಹಿಡಿದಿಡಲು ಹಿಂಜರಿಯುತ್ತವೆ.

ಮೂರನೆಯದು ದಾರಿ. ವೆಸ್ಟ್‌ಚೆಸ್ಟರ್‌ನಿಂದ ಸಮುದ್ರದವರೆಗೆ 23 ಮೈಲಿ ಉದ್ದಕ್ಕೂ ನಡೆಯಲು, ಸೈಕಲ್ ತುಳಿಯಲು ಹಸಿರು ದಾರಿ ಆಗಬೇಕು ಅನ್ನುವುದು ಮೊದಲಿನಿಂದಲೂ ಇರುವ ಯೋಜನೆ. ಬಹುಭಾಗ ಆಗಿದೆ, ಆದರೆ ನಗರದೊಳಗೆ ಇನ್ನೂ ಕೆಲವು ಕಡೆ ದಾರಿ ತುಂಡಾಗಿ ರಸ್ತೆಗೆ ಬೀಳುತ್ತದೆ. ಆ ತುಂಡುಗಳ ಹಿಂದೆ ಒಂದೊಂದು ಕಡೆ ರೈಲ್ವೆ, ಒಂದೊಂದು ಕಡೆ ಖಾಸಗಿ ಜಮೀನು ಇದೆ. ಅಲಯನ್ಸ್ ಅವುಗಳನ್ನು ಒಂದೊಂದಾಗಿ ಹಿಡಿದು ಕೂತಿದೆ.